ತಾಗದೆ ನಿಂತ ಕೈ

ಹೋದ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ನಮ್ಮ ಆಟೋ ನಜರ್‌ಬಾದಿನ ಹಳೇ ಗರಡಿಯೊಂದರ ಮುಂದೆ ಸಿಕ್ಕಿಹಾಕಿಕೊಂಡಿತು. ಗರಡಿಗೆ ಹೊಸ ಮಟ್ಟಿ ಹಾಕುತ್ತಿದ್ದರು. ಜರಡಿ ಹಿಡಿದ ಕೆಮ್ಮಣ್ಣು ರಾಶಿ ಮಾಡಿ, ಮೇಲೆ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಸುರಿದು ಹುಡುಗರು ತುಳಿಯುತ್ತಿದ್ದರು. ಆ ವಾಸನೆ... ಪೊರೆ ಬಂದಿರುವುದು ಕಣ್ಣಿಗೆ ತಾನೆ, ಮೂಗಿಗಲ್ಲವಲ್ಲ. ಆಟೋದವನು ಹಾರ್ನ್ ಒತ್ತುತ್ತಲೇ ಇದ್ದ. ನನಗೆ ಮಾತ್ರ ಗರಡಿಯಿಂದ ಬಂದ ಎದುರುಮನೆ ಅಣ್ಣ ಹೊಸ್ತಿಲ ಆಚೆ ನಿಂತು, ಒಂದು ಲೋಟ ಕಾಫಿ ಕೊಡಮ್ಮ ಅಂದ ಹಾಗಾಯಿತು.

ನಾನು ಮದುವೆಯಾಗಿ ಸುಣ್ಣದಕೇರಿಗೆ ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ನಮ್ಮ ಯಜಮಾನರು ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಎದುರುಮನೆ ಜೆಟ್ಟಿಗಳದು. ವಿಜಯದಶಮಿಯ ದಿನ, ಅಂಬಾರಿ ಹೊರಡುವ ಮೊದಲು, ಅರಮನೆಯ ತೊಟ್ಟಿಯಂಗಳದಲ್ಲಿ ಮಹಾರಾಜರ ಎದುರು ವಜ್ರಮುಷ್ಟಿ ಕಾಳಗ ಆಡುವ ಮನೆತನ. ತಲೆ ನುಣ್ಣಗೆ ಬೋಳಿಸಿ, ನೆತ್ತಿಯಲ್ಲೊಂದು ಜುಟ್ಟು ಬಿಟ್ಟು, ಬಲಗೈ ಬೆರಳಿಗೆ ಕೊಂಬಿನ ಮುಳ್ಳುಹಿಡಿ ತೊಟ್ಟು ಇಬ್ಬರು ಮಟ್ಟಿಗಿಳಿಯುತ್ತಾರೆ. ಇಬ್ಬರಲ್ಲಿ ಯಾರ ತಲೆಯಿಂದ ಮೊದಲ ಹನಿ ರಕ್ತ ಬಿದ್ದರೂ ಕಾಳಗ ಮುಗಿಯಿತು. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದುಹೋಗುವುದೂ ಉಂಟಂತೆ. ನಮ್ಮಂಥ ಹೆಂಗಸರು ಹೋಗಿ ನೋಡುವ ಪದ್ಧತಿ ಆಗ ಇರಲಿಲ್ಲ. ನನಗೆ ಗೊತ್ತಿರುವುದೆಲ್ಲ ಕೇಳಿದ್ದು.

ಆ ಮನೆಯ ಹಿರಿಯರನ್ನು ಕೇರಿಯೆಲ್ಲ ದೊಡ್ಡಜೆಟ್ಟಿ ಅನ್ನುತ್ತಿತ್ತು. ಪ್ರಾಯದಲ್ಲಿ ಚಾಮರಾಜನಗರದ ಜೆಟ್ಟಿಯೊಬ್ಬನನ್ನು ಒಂದೇ ಏಟಿಗೆ ಮಲಗಿಸಿದ್ದರಂತೆ. ದಸರಾ ಬಂತೆಂದರೆ ಜಗಲಿಯ ಮೇಲೆ ಆ ಕತೆ ಶುರು. ಎದುರಾಳಿ ಹೇಗೆ ಬಾಗಿದ, ತಾವು ಹೇಗೆ ಮುಷ್ಟಿ ಎತ್ತಿದರು, ಮಹಾರಾಜರು ಹೇಗೆ ಶಾಲು ಹೊದಿಸಿದರು... ಕತೆ ಶಾಲಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಎದುರಾಳಿ ಏನಾದ ಎಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಅವರ ಒಬ್ಬನೇ ಮಗ ಈ ಎದುರುಮನೆ ಅಣ್ಣ. ಕೂತಲ್ಲಿ ಕೂರದ ಜೀವ. ಕಾಫಿ ನಿಂತೇ ಕುಡಿಯಬೇಕು, ಕುಡಿಯುತ್ತಲೇ ಬೀದಿಯ ಆ ತುದಿಗೊಮ್ಮೆ ಈ ತುದಿಗೊಮ್ಮೆ ನೋಡಬೇಕು, ಬೆರಳ ನೆಟಿಗೆ ತೆಗೆಯಬೇಕು. ನಮ್ಮತ್ತೆ, "ನಿನ್ನ ಅಂಗಾಲಿಗೆ ಯಾರೋ ಕೆಂಡ ಕಟ್ಟವ್ರೆ ಕಣೋ" ಅನ್ನುತ್ತಿದ್ದರು.

ಊರಾಚೆಯ ಸಿನಿಮಾ ಸ್ಟುಡಿಯೋದವರು ಒಮ್ಮೆ ಗರಡಿಗೆ ಬಂದು, ಕೋಟೆಗೋಡೆಯಿಂದ ಬೀಳುವುದಕ್ಕೆ ಗಟ್ಟಿ ಆಳುಗಳು ಬೇಕು ಅಂದರಂತೆ. ಅಣ್ಣ ಹೋಗಿ ಬಿದ್ದರು. ಎಷ್ಟು ಚೆನ್ನಾಗಿ ಬಿದ್ದರೆಂದರೆ, ಮುಂದಿನ ಚಿತ್ರದಲ್ಲಿ ನಾಯಕನ ಬದಲು ಕುದುರೆಯಿಂದ ಹಾರಿದವರೂ ಅವರೇ, ಕತ್ತಿ ತಿರುಗಿಸಿದವರೂ ಅವರೇ. ಅದರ ಮುಂದಿನದರಲ್ಲಿ ಬದಲಿ ಯಾಕೆ, ಈತನೇ ನಾಯಕನಾಗಲಿ ಅಂದರು. ಕನ್ನಡದಲ್ಲಿ ಆಯಿತು, ಆಮೇಲೆ ಮದರಾಸಿನವರು ಕರೆದರು. ಕತೆ ಯಾವುದಾದರೇನು, ನಡುವೆ ದೊಣ್ಣೆ, ಕಠಾರಿ, ಮಲ್ಲಯುದ್ಧ ಇರಲೇಬೇಕು. ಹೊಡೆಯುವಾಗ ಅವರ ಗುಂಗುರು ಕೂದಲು ಹಣೆಗೆ ಬಿದ್ದು ಕುಣಿಯುತ್ತಿತ್ತು. ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತಿದ್ದದ್ದು ಏಟಿಗಲ್ಲ, ಆ ಕೂದಲಿಗೆ. ಕೇರಿಯ ಹುಡುಗರೆಲ್ಲ ಕಡ್ಡಿಗೆ ಕೂದಲು ಸುತ್ತಿಕೊಂಡು ಮಲಗುತ್ತಿದ್ದ ಕಾಲ ಅದು.

ಏಟು ನಿಜವಾಗಿ ಬೀಳುತ್ತದೆಯೋ ಎಂದು ನಾನೊಮ್ಮೆ ಕೇಳಿದೆ. ಅಣ್ಣ ನಕ್ಕು, ನಮ್ಮತ್ತೆಯ ಮೂಗಿನ ಕಡೆಗೆ ಮುಷ್ಟಿ ಬೀಸಿದರು. ಗಾಳಿ ಬಡಿಯಿತು, ಮುಷ್ಟಿ ಬೆರಳಗಲ ದೂರದಲ್ಲಿ ನಿಂತಿತ್ತು. ಬೀಸುವುದನ್ನು ಯಾರಾದರೂ ಕಲಿಯುತ್ತಾರೆ, ನಿಲ್ಲಿಸುವುದೇ ವಿದ್ಯೆ ಅಂದರು. ಅತ್ತೆ ಕಣ್ಣು ಮಿಟುಕಿಸದೆ, "ಗಾಳಿಗೆ ಹೊಡೆಯೋಕೆ ನಾನೂ ಬತ್ತೀನಿ ಕಣೋ ಸಿನಿಮಾಕ್ಕೆ. ಸೊಳ್ಳೆ ಹೊಡೆದು ಅಭ್ಯಾಸ ಐತೆ" ಅಂದರು. ಜಗಲಿಯಲ್ಲಿದ್ದ ದೊಡ್ಡಜೆಟ್ಟಿ ಮಾತ್ರ ನಗಲಿಲ್ಲ. ತಾಗದ ಏಟೂ ಒಂದು ಏಟೇ? ಎಂದು ಗೊಣಗಿ ಎದ್ದುಹೋದರು.

ಹೀಗಿರುವಾಗ ಒಂದು ವರ್ಷ ದಸರೆಗೆ ಮುಂಚೆ ಅರಮನೆಯಿಂದ ಹೇಳಿಕಳಿಸಿದರು: ಈ ಸಲ ಈ ಮನೆಯ ಪಾಳಿ. ದೊಡ್ಡಜೆಟ್ಟಿಗೆ ವಯಸ್ಸಾಗಿತ್ತು, ಇಳಿಯುವುದಾದರೆ ಮಗನೇ ಇಳಿಯಬೇಕು. ಇಳಿಯದಿದ್ದರೆ ಪಾಳಿ ಬೇರೆ ಮನೆಗೆ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆದರೆ ಇಳಿಯಬೇಕಾದರೆ ತಲೆ ಬೋಳಿಸಬೇಕು. ಮದರಾಸಿನ ಕಂಪನಿಯ ಚಿತ್ರ ಅರ್ಧಕ್ಕೆ ನಿಂತಿತ್ತು. ಹಗ್ಗದ ಸೇತುವೆಯ ಮೇಲಿನ ಹೊಡೆದಾಟ ತೆಗೆಯುವುದೊಂದು ಬಾಕಿ. ಅದಕ್ಕೆ ಆ ಕೂದಲೇ ಬೇಕು.

ಸುದ್ದಿ ತಿಳಿದು ಕಂಪನಿಯ ಮ್ಯಾನೇಜರು ಕಾರಿನಲ್ಲಿ ಬಂದಿಳಿದರು. ಕೇರಿಯ ಮಕ್ಕಳೆಲ್ಲ ಕಾರಿಗೆ ಮುತ್ತಿಕೊಂಡವು. ಬೀದಿಗೆ ಕೇಳುವ ಹಾಗೆ ಅವರು ಅಣ್ಣನಿಗೆ, "ಕೂದಲು ನಿಂದಲ್ಲ ಕಣಯ್ಯ, ಕಂಪನೀದು" ಅಂದರು.

ದೊಡ್ಡಜೆಟ್ಟಿ ಕೂತಲ್ಲಿಂದಲೇ ಹೇಳಿದರು. "ಇರ್ಬೋದು ಸ್ವಾಮಿ. ತಲೆ ನಂದು, ನಾನು ಹುಟ್ಸಿದ್ದು. ನಿಮ್ ಕೂದ್ಲು ಕಿತ್ಕೊಂಡು ಹೋಗಿ."

ಕೇರಿಯೇ ನಕ್ಕಿತು. ಅಣ್ಣ ನಗಲಿಲ್ಲ. ಅವತ್ತಿನಿಂದ ಅವರ ಓಡಾಟ ಇನ್ನೂ ಜಾಸ್ತಿಯಾಯಿತು. ಹಿತ್ತಿಲಿಗೆ ಹೋಗುವುದು, ಬೀದಿಗೆ ಬರುವುದು, ಗರಡಿಯ ಕಡೆ ಹೊರಟವರು ಅರ್ಧದಲ್ಲಿ ತಿರುಗಿ ಬರುವುದು. ಕಾಫಿ ಕೇಳುವರು, ಕೊಡುವಷ್ಟರಲ್ಲಿ ಇರುತ್ತಿರಲಿಲ್ಲ. ನನಗೂ ಯಾಕೋ ಕೆಲಸಕ್ಕೆ ಕೈ ಓಡದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ರುಚಿ ನೋಡುವಂತಾಯಿತು.

ಹಬ್ಬ ಹತ್ತಿರ ಬಂದಾಗ ಒಂದು ಬೆಳಗ್ಗೆ ಬಾಗಿಲು ತೆಗೆದು ನೋಡಿದರೆ, ಅಣ್ಣ ಅರಳಿಮರದ ಕೆಳಗೆ ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ಯಾರಿಗೂ ಹೇಳಿರಲಿಲ್ಲ. ಕೆಳಗೆ ಬಿದ್ದ ಗುಂಗುರು ಎಳೆಗಳಿಗಾಗಿ ಹುಡುಗರು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಬೋಳಿಸಿದ ತಲೆ ಎಳೆಮಗುವಿನದರ ಹಾಗೆ ಬೆಳ್ಳಗಿತ್ತು. ಮಗನನ್ನು ನೋಡಿ ದೊಡ್ಡಜೆಟ್ಟಿ ಒಳಗೆ ಹೋಗಿ, ಮರೆಯಲ್ಲಿ ಕಣ್ಣೊರೆಸಿಕೊಂಡರು ಎಂದು ಆ ಮನೆಯ ಕೆಲಸದವಳು ಆಮೇಲೆ ಹೇಳಿದಳು.

ವಿಜಯದಶಮಿಯ ದಿನ ಗಂಡಸರೆಲ್ಲ ಅರಮನೆಗೆ ಹೋದರು. ನಾನು ಒಳಗೂ ಹೊರಗೂ ತಿರುಗಾಡಿದೆ. ಅತ್ತೆ ರೇಗಿ, "ಕೂತ್ಕೊಳೇ, ನೀನು ಸವೆಸಿದ್ರೆ ನೆಲ ಸವೆದೀತು, ಅಲ್ಲಿ ಅವನಿಗೇನೂ ಆಗಲ್ಲ" ಅಂದರು. ಅನ್ನುತ್ತಲೇ ತಾವೂ ಎದ್ದು ಬಾಗಿಲಿಗೆ ಬಂದರು.

ಮೊದಲು ಬಂದವರು ದೊಡ್ಡಜೆಟ್ಟಿ, ಒಬ್ಬರೇ. ಕೇರಿಯ ಮೂಲೆಯ ಗೋಡೆಯಲ್ಲಿ ಅಂಟಿಸಿದ್ದ ಮಗನ ಪೋಸ್ಟರನ್ನು ಉಗುರಿನಲ್ಲಿ ಎಬ್ಬಿಸಿ ಎಬ್ಬಿಸಿ ಕಿತ್ತರು. ಯಾರ ಮುಖವನ್ನೂ ನೋಡದೆ, "ಸಿನಿಮಾ ನನ್ ಮಗನ ಕೈ ತಿಂದ್ಬುಡ್ತು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಜಮಾನರು ಬಂದು ವಿವರ ಹೇಳಿದರು. ಎದುರಾಳಿ ಚನ್ನಪಟ್ಟಣದ ಕಡೆಯ ಹುಡುಗ. ಕಾಲು ಜಾರಿ ಮಂಡಿಯೂರಿದ. ಅಣ್ಣನ ಮುಷ್ಟಿ ಮೇಲಿನಿಂದ ಬಂತು, ಬಂದದ್ದು ಅವನ ಮುಖದಿಂದ ಬೆರಳಗಲ ದೂರದಲ್ಲಿ ನಿಂತುಬಿಟ್ಟಿತು. ಆ ಹುಡುಗ ಕೆಳಗಿನಿಂದಲೇ ಬೀಸಿದ, ಅಣ್ಣನ ನೆತ್ತಿ ಬಿರಿಯಿತು. ಅಷ್ಟೇ. ನೋಡಿದವರೆಲ್ಲ ಒಂದೇ ಮಾತು: ಪಾಪ, ಅಷ್ಟು ವರ್ಷ ತಾಗಿಸದೆ ಹೊಡೆದು ಕೈಗೆ ಅದೇ ರೂಢಿಯಾಗಿಬಿಟ್ಟಿದೆ.

ಗಾಯಕ್ಕೆ ಕಟ್ಟು ಕಟ್ಟಿಕೊಂಡು ಅಣ್ಣ ಮನೆಯಲ್ಲಿದ್ದ ದಿನಗಳಲ್ಲಿ ತಂದೆ ಮಗನ ಜೊತೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ನಾನು ಕಾಫಿ ಹಿಡಿದು ಅವರ ಹಿತ್ತಿಲಿಗೆ ಹೋದೆ. ಅಣ್ಣ ಬಾವಿಕಟ್ಟೆಯ ಸುತ್ತ ನಡೆಯುತ್ತಿದ್ದರು. ನಾನು ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, ಕೈ ರೂಢಿಗೆ ಬಿದ್ದರೆ ನೀವೇನು ಮಾಡುತ್ತೀರಿ ಅಂದೆ.

"ಕೈ ತಾನಾಗಿ ನಿಲ್ಲಲಿಲ್ಲ ಕಣಮ್ಮ" ಅಂದರು. "ನಾನೇ ನಿಲ್ಲಿಸ್ದೆ."

ಅವರು ನಡೆಯುತ್ತಲೇ ಹೇಳಿದರು. "ಅವನು ಮುಖ ಎತ್ತಿ ನೋಡ್ದ. ಕಣ್ಣು ಸರಿಯಾಗಿ ನನ್ ಮುಷ್ಟಿ ಕೆಳಗೇ ಇತ್ತು. ಸಿನಿಮಾದಲ್ಲಿ ಎಷ್ಟು ಜನಕ್ಕೆ ಹೊಡೆದಿದೀನಿ, ಲೆಕ್ಕ ಇಲ್ಲ. ಎಲ್ರೂ ಎದ್ದು ಮೈ ಕೊಡವ್ಕೊಂಡು ನನ್ ಪಕ್ಕದಲ್ಲೇ ಕೂತು ಊಟ ಮಾಡವ್ರೆ. ಇವನು ಏಳಲ್ಲ ಅನ್ನಿಸ್ಬುಡ್ತು."

ಹಾಗಾದರೆ ಅಪ್ಪನಿಗೆ ಹೇಳಬಾರದೇ ಅಂದೆ. ಅವರು ಬೇಡ ಅಂದರು. ಸಿನಿಮಾ ಕೆಡಿಸಿತು ಅಂದುಕೊಂಡರೆ ಬೈಯುವುದಕ್ಕೆ ಒಂದು ಸಿನಿಮಾ ಆದರೂ ಇರುತ್ತದೆ, ಮಗನೇ ಬೇಕೆಂದು ಬಿಟ್ಟುಕೊಟ್ಟ ಅಂತ ತಿಳಿದರೆ ಆ ಜೀವ ತಡೆಯುವುದಿಲ್ಲ ಎಂದು ಅವರ ಎಣಿಕೆ. ನಾನು ಒಪ್ಪಿಕೊಂಡೆ. ಆ ಮನೆಯ ಪಾಳಿ ಬೇರೆಯವರಿಗೆ ಹೋಯಿತು. ಗಾಯ ಮಾಗಿದ ಮೇಲೆ ಅಣ್ಣ ಮದರಾಸಿಗೆ ಹೊರಟರು.

ಕಂಪನಿಯವರು ಟೋಪನ್ ಕೂದಲು ಅಂಟಿಸಿ ಸೇತುವೆಯ ಹೊಡೆದಾಟ ಮುಗಿಸಿದರಂತೆ. ಚಿತ್ರ ಬಂದಾಗ ಎಲ್ಲರೂ ನೋಡಿದೆವು. ಏಟುಗಳು ಮೊದಲಿನ ಹಾಗೇ ಇದ್ದವು, ಕೂದಲು ಮಾತ್ರ ಕುಣಿಯಲಿಲ್ಲ. ಶಿಳ್ಳೆಯೂ ಬೀಳಲಿಲ್ಲ. ಸ್ವಂತ ಕೂದಲು ಬೆಳೆಯಿತು ನಿಜ, ಆದರೆ ಗಾಯವಾದ ಜಾಗದಲ್ಲಿ ಬೆಳೆಯಲೇ ಇಲ್ಲ. ಇನ್ನೊಂದೆರಡು ಚಿತ್ರದಲ್ಲಿ ನಾಯಕರಾದರು, ಆಮೇಲೆ ನಾಯಕನ ಕೈಲಿ ಸೋಲುವವರಾದರು, ಆಮೇಲೆ ಹೊಸಬರಿಗೆ ಹೊಡೆದಾಟ ಕಲಿಸುವ ಮಾಸ್ಟರಾದರು. ಅವರ ಕೈಕೆಳಗೆ ಒಬ್ಬ ಹುಡುಗನಿಗೆ ತರಚಿದರೂ ಆವತ್ತಿನ ಕೆಲಸ ನಿಲ್ಲಿಸಿಬಿಡುತ್ತಿದ್ದರಂತೆ. ಊರಿಗೆ ಬಂದರೆ ಅಪ್ಪನ ಮುಂದೆ ಹಣ್ಣಿನ ಬುಟ್ಟಿ ಇಡುವರು, ಅಪ್ಪ ಗೋಡೆಯ ಕಡೆ ತಿರುಗುವರು. ಸಂಜೆಯ ರೈಲಿಗೆ ವಾಪಸು.

ವರ್ಷಗಳು ಕಳೆದು ದೊಡ್ಡಜೆಟ್ಟಿ ಹಾಸಿಗೆ ಹಿಡಿದರು. ಗಂಜಿ ಕುಡಿಸುವುದಕ್ಕೆ ನಾನೇ ಹೋಗುತ್ತಿದ್ದೆ. ಒಂದು ಬೆಳಗ್ಗೆ ಮಗನಿಗೆ ತಂತಿ ಕೊಡಲು ಹೇಳಿದರು. ಯಜಮಾನರು ಅಂಚೆ ಕಚೇರಿಗೆ ಓಡಿದರು. ಆಮೇಲೆ ದೊಡ್ಡಜೆಟ್ಟಿ ಚಮಚ ಸರಿಸಿ, ನಾನು ಕೇಳದೆಯೇ ಚಾಮರಾಜನಗರದವನ ಕತೆ ಎತ್ತಿದರು. ಈ ಸಲ ಕತೆ ಶಾಲಿನ ಹತ್ತಿರ ನಿಲ್ಲಲಿಲ್ಲ. ಆ ಏಟಿಗೆ ಅವನ ಒಂದು ಕಣ್ಣು ಹೋಯಿತಂತೆ. ಸಂತೆಯಲ್ಲಿ ದೂರದಿಂದ ಅವನನ್ನು ಕಂಡರೆ ಇವರು ದಾರಿ ಬಿಟ್ಟು ಹೋಗುತ್ತಿದ್ದರಂತೆ. ಆ ಮನುಷ್ಯ ಮಾತ್ರ ಇರುವ ಒಂದು ಕಣ್ಣಲ್ಲೇ ಗುರುತು ಹಿಡಿದು ಕೈ ಮುಗಿಯುತ್ತಿದ್ದನಂತೆ.

"ನಂಗೆ ಗೊತ್ತಾಗ್ದೆ ಇರ್ತದಾ ಮಗಾ" ಅಂದರು. "ನಿಂತೋದ ಕೈ ಬೇರೆ, ನಿಲ್ಲಿಸಿದ ಕೈ ಬೇರೆ. ನಿಲ್ಲಿಸ್ದಾಗ ಭುಜ ನಡುಗ್ತದೆ. ನನ್ ಮಗನ್ ಭುಜ ನಡುಗಿದ್ದು ನಾನು ಕಂಡೆ."

ಮತ್ತೆ ಇಷ್ಟು ವರ್ಷ ಯಾಕೆ ಮಾತು ಬಿಟ್ಟಿರಿ ಎಂದು ಕೇಳಿದೆ.

"ಹೊಟ್ಟೆಕಿಚ್ಚು ಕಣವ್ವ" ಅಂದರು. "ನನ್ ಕೈ ಅವತ್ತು ನಿಲ್ಲಲಿಲ್ವಲ್ಲ."

ಅಣ್ಣ ಯಾವುದೋ ಕಾಡಿನಲ್ಲಿ ಚಿತ್ರೀಕರಣಕ್ಕೆ ಹೋಗಿದ್ದರು. ತಂತಿ ಕೈಸೇರಿ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವರು ಮನೆಯೊಳಗೆ ಹೋಗದೆ ಬೀದಿಯಲ್ಲೇ ಓಡಾಡುತ್ತಿದ್ದರು. ನಾನು ಹೋಗಿ ತಂದೆಯ ಮಾತನ್ನೆಲ್ಲ ಹೇಳಿದೆ. ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಹೊಟ್ಟೆಕಿಚ್ಚು ಅಂತಲೇ ಅಂದರಾ, ಆ ಮಾತೇ ಆಡಿದರಾ ಅಂದರು. ಹೌದು ಅಂದೆ.

"ಯಾವ ಕಣ್ಣು ಅಂದ್ರು? ಎಡವೋ ಬಲವೋ?"

ನಾನು ಕೇಳಿರಲಿಲ್ಲ. ಅವರು ತಲೆಯಾಡಿಸಿ, ಮಧ್ಯಾಹ್ನದ ಬಸ್ಸಿಗೆ ಚಾಮರಾಜನಗರಕ್ಕೆ ಹೊರಟೇಬಿಟ್ಟರು. ಆ ಕಣ್ಣು ಹೋದವನ ಮನೆ ಸಿಕ್ಕಿತೋ, ಯಾರಿದ್ದರು, ಏನು ಮಾತಾಯಿತು... ಗೊತ್ತಿಲ್ಲ. ಅಲ್ಲಿಂದ ಬಂದು ತಿಥಿ ಮುಗಿಸಿ, ಮನೆ ಮಾರಿ ಮದರಾಸಿಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂತು, ಹಳೆಯ ಸಾಹಸ ನಟ ಎಂದು. ಫೋಟೋದಲ್ಲಿ ಕೂದಲಿತ್ತು. ಅವರದೋ ಕಂಪನಿಯದೋ ತಿಳಿಯಲಿಲ್ಲ.

ಈಗ ಕಾಳಗವನ್ನು ಟೀವಿಯಲ್ಲೇ ತೋರಿಸುತ್ತಾರೆ. ಮನೆಯವರೆಲ್ಲ ಕೂತು ನೋಡುತ್ತಾರೆ. ನನಗೆ ಕೂರಲು ಆಗುವುದಿಲ್ಲ. ಮಂಡಿ ನೋವೆಂದು ಹೇಳಿ ಏಳುತ್ತೇನೆ, ಅಡುಗೆಮನೆಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಮೊಮ್ಮಗಳು ಬಂದು ಯಾರು ಗೆದ್ದರೆಂದು ಹೇಳುತ್ತಾಳೆ. ಇನ್ನೊಬ್ಬನಿಗೆ ಎಷ್ಟು ತಾಗಿತಮ್ಮಾ ಎಂದು ಕೇಳುತ್ತೇನೆ. ಅದನ್ನು ತೋರಿಸಲಿಲ್ಲ ಅಜ್ಜಿ ಅನ್ನುತ್ತಾಳೆ. ಆ ಪ್ರಶ್ನೆಯನ್ನು ನನ್ನ ಜೊತೆ ಕೇಳುವುದಕ್ಕೆ ಎದುರುಮನೆ ಅಣ್ಣ ಒಬ್ಬರಿದ್ದರು... ಈಗ ನಾನೊಬ್ಬಳೇ ಕೇಳುತ್ತಿರುತ್ತೇನೆ.