ಸೋರುವ ನೀರಿಗಿಟ್ಟ ಬಕೆಟ್ಟು

ಆ ದಿನವೂ ಆರು ಗಂಟೆಗೆ ಹಾಲನ್ನು ಒಲೆಯ ಮೇಲಿಟ್ಟು, ಬಚ್ಚಲುಮನೆಯಲ್ಲಿ ಬಕೆಟ್ಟನ್ನು ಅದರ ಜಾಗಕ್ಕೆ ಸರಿಸಿದೆ. ಮೇಲಿನ ಮನೆಯ ಅಕ್ಕ ಮೊದಲ ಚೊಂಬು ನೀರು ಹುಯ್ದುಕೊಂಡ ಸ್ವಲ್ಪ ಹೊತ್ತಿಗೆ ನಮ್ಮ ಚಾವಣಿಯಿಂದ ಹನಿ ಬೀಳುತ್ತದೆ. ಮೊದಲು ಒಂದೊಂದೇ, ಆಮೇಲೆ ಬಿಡದೆ. ಅದು ನಿಲ್ಲುವಷ್ಟರಲ್ಲಿ ಹಾಲು ಉಕ್ಕಲು ಬಂದಿರುತ್ತದೆ. ಯಜಮಾನರ ಕೆಲಸ ಗೌರಿಬಿದನೂರಿನಲ್ಲಿ. ಮನೆಗೆ ಬರುವುದು ಶನಿವಾರ. ಉಳಿದ ದಿನಗಳಲ್ಲಿ ಮನೆಯೊಳಗೆ ನನ್ನದಲ್ಲದ ಸದ್ದು ಅದೊಂದೇ.

ಅಕ್ಕ ಒಬ್ಬರೇ ಇರುವುದು. ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಆಡುವ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಮೆಟ್ಟಿಲಲ್ಲಿ ಸಿಕ್ಕರೆ, “ಏನು ಕಾನ್ವೆಂಟಮ್ಮಾ, ತಿಂಡಿ ಆಯ್ತಾ?” ಎನ್ನುತ್ತಾರೆ. ನಮ್ಮ ಮಾತು ಅಷ್ಟೇ.

ಶಿಡ್ಲಘಟ್ಟದ ಈ ಹಳೆಯ ಕಟ್ಟಡದಲ್ಲಿ ಬಾಡಿಗೆ ಕಡಿಮೆ. ಯಾರೂ ಮಾಲೀಕರಿಗೆ ದೂರು ಹೇಳುವುದಿಲ್ಲ. ಒಬ್ಬರು ಸೋರುವ ಪೈಪಿಗೆ ಸೈಕಲ್ ಟ್ಯೂಬು ಸುತ್ತಿದ್ದಾರೆ. ಇನ್ನೊಬ್ಬರು ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ನಾನದನ್ನು ಉದಾಸೀನವೆಂದುಕೊಂಡಿದ್ದೆ. ಹೋದ ತಿಂಗಳು ಚಾವಣಿಯ ಗಾರೆ ಒಂದು ಹಿಡಿಯಷ್ಟು ಉದುರಿದಾಗ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ ಅಂಚು ಬಿಟ್ಟು, ಕೊನೆಯಲ್ಲಿ ವಂದನೆ ತಿಳಿಸಿ, ಮಾಲೀಕರಿಗೊಂದು ಕಾಗದ ಬರೆದೆ.

ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಅವರು ಆ ದಿನ ಹತ್ತು ಗಂಟೆಗೆ ಮೇಸ್ತ್ರಿಯೊಡನೆ ಬಂದರು. ಮೇಸ್ತ್ರಿ ಕೋಲಿನಿಂದ ಚಾವಣಿಯನ್ನು ಕುಟ್ಟಿ ಕಿವಿಗೊಟ್ಟ.

“ಮೇಲೆ ನೆಲ ಪೂರ್ತಿ ಒಡೀಬೇಕು ಸಾರ್.”

“ಒಡೆಯಣ. ಆಯಮ್ಮನ್ನ ಖಾಲಿ ಮಾಡಿಸ್ತೀನಿ,” ಎಂದರು ಮಾಲೀಕರು.

“ರಿಪೇರಿ ಆದ್ಮೇಲೆ ಅವ್ರೇ ವಾಪಸ್ ಬರ್ತಾರಲ್ವಾ?” ಎಂದೆ.

“ಹೊಸ ಟೈಲ್ಸ್ ಹಾಕಿ ಹಳೇ ಬಾಡಿಗೆಗೆ ಯಾರಮ್ಮ ಕೊಡ್ತಾರೆ?”

ಬಿರುಕಿನ ಮೇಲೆ ಆ ಕ್ಯಾಲೆಂಡರ್ ಏಕೆ ಇತ್ತೆಂದು ಆಗ ತಿಳಿಯಿತು.

“ಅಷ್ಟೇನೂ ತೊಂದ್ರೆ ಇಲ್ಲ ಸರ್. ಬಕೆಟ್ ಇಡ್ತಾ ಇದೀನಿ. ಬಿಟ್ಬಿಡಿ.”

“ನೀವೇ ತಾನೆ ಬರ್ದಿದ್ದು?” ಎಂದು ಜೇಬು ಮುಟ್ಟಿಕೊಂಡರು.

ಅಕ್ಕನಿಗೆ ಹೇಳಬೇಕಾದ್ದನ್ನು ಮಧ್ಯಾಹ್ನವೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಸಂಜೆ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿ ಬಾಗಿಲು ತೆರೆದೆ. ಅವರೇ ಮೊದಲು ಮಾತಾಡಿದರು.

“ಓನರ್ ಫೋನ್ ಮಾಡಿದ್ದ ಕಣಮ್ಮ. ತಿಂಗಳ ಕೊನೆಗೆ ಬಿಡ್ಬೇಕಂತೆ. ದಿಬ್ಬೂರಹಳ್ಳೀಲಿ ತಂಗಿ ಅವ್ಳೆ, ಅಲ್ಲಿಂದ್ಲೇ ಬಸ್ಸಲ್ಲಿ ಬಂದು ಹೋಗ್ತೀನಿ.”

“ಅಕ್ಕಾ, ಆ ಕಾಗದ ನಾನು...”

“ಗೊತ್ತು ಬಿಡು. ಅಕ್ಷರ ಮುತ್ತಿನಂಗೆ ಅವಂತೆ. ಅವನೇ ಹೊಗಳ್ದ.”

ಅಕ್ಕ ನಾಲ್ಕು ಮೆಟ್ಟಿಲು ಹತ್ತಿ, ಏನೋ ನೆನಪಾದವರಂತೆ ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿದರು.

“ಆ ಸೋರೋ ನೀರಿಗೆ ಇಡ್ತಿದ್ದ ಬಕೆಟ್ಟು ಇನ್ನ ನಿಂಗ್ಯಾಕೆ? ಪಾತ್ರೆ ತುಂಬ್ಕೊಂಡು ಹೋಗಕ್ಕೆ ಕೊಡಮ್ಮ.”