ಕಿತ್ತಳೆ ಸೂಟಿನಲ್ಲಿ ಕುಣಿದವಳು

ವರ್ಲೀನ್ ರಕರ್ ಮೂವತ್ತನಾಲ್ಕು ವರ್ಷ ಶಿಕಾಗೋದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು. ಎಪ್ಪತ್ತೊಂಬತ್ತನೇ ಬೀದಿಯಲ್ಲಿ ಯಾವ ನಂಬರಿನ ಮನೆಯಲ್ಲಿ ಯಾರಿದ್ದರು, ಯಾವಾಗ ಬಿಟ್ಟು ಹೋದರು, ಎಲ್ಲ ಅವಳಿಗೆ ಬಾಯಿಪಾಠ. ಅಂಥವಳು ಹೋದ ಚಳಿಗಾಲದಲ್ಲಿ ಮೂರು ವಾರ ತಾನು ಯಾರೆಂದೇ ತಿಳಿಯದೆ ಒದ್ದಾಡಿದಳು. ಅವಳ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ನಾನು, ಲೋನಿ, ನಿವೃತ್ತ ಬಸ್ ಡ್ರೈವರ್, ಅದನ್ನೆಲ್ಲ ಕಣ್ಣಾರೆ ಕಂಡೆ. ಬೇಡದ ಸಲಹೆಗಳನ್ನೂ ಧಾರಾಳವಾಗಿ ಕೊಟ್ಟೆ.

ಇದಕ್ಕೆಲ್ಲ ಕಾರಣ 'ಸೌತ್ ಸೈಡ್ ಸ್ಟೆಪ್' ಅನ್ನುವ ಟಿವಿಯ ಕುಣಿತದ ಕಾರ್ಯಕ್ರಮ. ಅದು ಶುರುವಾದಾಗ ನನಗೆ ಎಂಟು ವರ್ಷ. ಆವರೆಗೆ ನಮ್ಮಂಥ ಕಪ್ಪು ಬಣ್ಣದವರು ಟಿವಿಯಲ್ಲಿ ಕಾಣುತ್ತಿದ್ದದ್ದು ಕೈಗೆ ಕೋಳ ಬಿದ್ದಾಗ, ಇಲ್ಲವೇ ಇನ್ನೊಬ್ಬರ ಮನೆಯಲ್ಲಿ ತಟ್ಟೆ ಹಿಡಿದು ನಿಂತಾಗ. ಇದ್ದಕ್ಕಿದ್ದಂತೆ ಒಂದು ಸಂಜೆ ನಮ್ಮದೇ ಬೀದಿಯ ಹುಡುಗ ಹುಡುಗಿಯರು ಚೆನ್ನಾಗಿ ಬಟ್ಟೆ ಹಾಕಿಕೊಂಡು ಕುಣಿಯುವುದು ಕಂಡಾಗ ನಮ್ಮಪ್ಪ ತುತ್ತು ಬಾಯಿಗಿಡುವುದನ್ನೇ ಮರೆತ. ಮೊದಲು ಕಪ್ಪು ಬಿಳುಪು, ಶಾಲೆ ಬಿಟ್ಟ ಹೊತ್ತಿಗೆ, ವಾರಕ್ಕೆ ಐದು ದಿನ. ಆಮೇಲೆ ಬಣ್ಣ ಬಂತು, ವಾರಕ್ಕೊಮ್ಮೆಯಾಯಿತು, ದೇಶಕ್ಕೆಲ್ಲ ಹರಡಿತು. ಮೂವತ್ತೊಂದು ವರ್ಷ ನಡೆದು ಒಂದು ದಿನ ಸದ್ದಿಲ್ಲದೆ ನಿಂತಿತು. ಸ್ಟುಡಿಯೋದ ಪಾಪಿಗಳು ಹಳೆಯ ಟೇಪುಗಳ ಮೇಲೆ ಸೋಫಾ ಮಂಚಗಳ ಜಾಹೀರಾತು ತುಂಬಿಸಿಬಿಟ್ಟಿದ್ದರು. ಮೊದಲ ಐದಾರು ವರ್ಷಗಳ ಕುಣಿತವೆಲ್ಲ ಹಾಗೇ ಅಳಿಸಿಹೋಯಿತು. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ.

ವರ್ಲೀನ್ ಮತ್ತು ಅವಳ ತಂಗಿ ಒಪಲ್ ಬಣ್ಣ ಬಂದ ವರ್ಷ ಅಲ್ಲಿ ಕುಣಿದರು. ಅಕ್ಕನಿಗೆ ಹದಿನೇಳು, ತಂಗಿಗೆ ಹದಿನಾರು. ಅವರ ತಾಯಿ ಚರ್ಚಿನಲ್ಲಿ ದೊಡ್ಡ ಸ್ಥಾನದ ಹೆಂಗಸು, ಬಿಳಿ ಉಡುಪಿನಲ್ಲಿ ಮುಂದಿನ ಬೆಂಚಿನ ಮೇಲೆ ಕೂರುವವಳು. ಆಕೆಯ ಲೆಕ್ಕದಲ್ಲಿ ಪವಿತ್ರಾತ್ಮ ಮೈಮೇಲೆ ಬಂದು ಕುಣಿದರೆ ಭಕ್ತಿ, ಟಿವಿಯಲ್ಲಿ ಕುಣಿದರೆ ಸೈತಾನನ ಕೆಲಸ. ಹೆಜ್ಜೆಗಳು ಮಾತ್ರ ಎರಡಕ್ಕೂ ಒಂದೇ! ಹುಡುಗಿಯರು ಚರ್ಚಿನ ಹಾಡಿನ ತಂಡದ ಅಭ್ಯಾಸಕ್ಕೆಂದು ಸುಳ್ಳು ಹೇಳಿ ಶನಿವಾರ ಸ್ಟುಡಿಯೋಗೆ ಓಡುತ್ತಿದ್ದರು. ಹಾಗಾಗಿ ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ. ಅಂಚೆ ಕಚೇರಿಯಲ್ಲಿ ವರ್ಲೀನ್ "ನಾನೂ ಟಿವಿಯಲ್ಲಿ ಕುಣಿದವಳು" ಅಂದರೆ ಜೊತೆಯವರು "ಹೌದೌದು, ನಾವು ಚಂದ್ರನ ಮೇಲೆ ಕುಣಿದವರು" ಅನ್ನುತ್ತಿದ್ದರಂತೆ.

ಒಪಲ್ ಇಪ್ಪತ್ತೇಳನೇ ವಯಸ್ಸಿಗೇ ತೀರಿಕೊಂಡಳು. ಮಗಳು ಲಟ್ರೀಸ್‌ಗೆ ಆಗ ಮೂರು ವರ್ಷ. ವರ್ಲೀನಳೇ ಸಾಕಿದಳು. ಲಟ್ರೀಸ್ ಹತ್ತಿರ ಅಮ್ಮನ ನಾಲ್ಕು ಫೋಟೋಗಳಿವೆ, ನಾಲ್ಕರಲ್ಲೂ ಆಕೆ ಅಲುಗಾಡದೆ ನಿಂತಿದ್ದಾಳೆ.

ಹೀಗಿರುವಾಗ ಸತ್ತ ಕ್ಯಾಮೆರಾದವನೊಬ್ಬನ ನೆಲಮಾಳಿಗೆಯಲ್ಲಿ ಆ ಕಾರ್ಯಕ್ರಮದ ಆ ಕಾಲದ ಒಂದೇ ಒಂದು ಟೇಪು ಸಿಕ್ಕಿತು. ಗ್ರಂಥಾಲಯವೊಂದು ಅದನ್ನಿಟ್ಟುಕೊಂಡು ಪ್ರದರ್ಶನ ಮಾಡಲು ಹೊರಟಿತು. ಕುಣಿತದ ಒಂದು ತುಣುಕನ್ನು ಫೋನಿನಲ್ಲಿ ನೋಡಲು ಆಗುವಂತೆ ಎಡಬಲ ಕತ್ತರಿಸಿ, ಉದ್ದಕ್ಕೆ ಮಾಡಿ, "ಈಕೆ ಯಾರು, ಗೊತ್ತಿದ್ದವರು ತಿಳಿಸಿ" ಅಂತ ಹಾಕಿತು.

ಭಾನುವಾರ ಚರ್ಚು ಮುಗಿಸಿ ಮೂವರೂ ಕೆಳಗಿನ ಅಡುಗೆಮನೆಯಲ್ಲಿ ಕರಿದ ಮೀನು, ಸ್ಪಗೆಟಿ ತಿನ್ನುತ್ತಿದ್ದೆವು. ಲಟ್ರೀಸ್ ಫೋನು ತೆಗೆದು ಮೇಜಿನ ಮೇಲಿಟ್ಟಳು. ಹನ್ನೊಂದು ಸೆಕೆಂಡು. ಕಿತ್ತಳೆ ಸೂಟು, ತೋಳಿನಿಂದ ಜೋತಾಡುವ ಎಳೆಗಳು, ಗುಂಡನೆಯ ದೊಡ್ಡ ಕೂದಲು. ಹುಡುಗಿ ಬಗ್ಗಿ, ತಿರುಗಿ, ಭುಜ ಕುಣಿಸುತ್ತ ಬಂದು ಹೋದಳು. ಮುಖ ಮಸುಕು.

"ಅಯ್ಯೋ ದೇವರೇ, ಅದು ನಾನು!" ಅಂತ ವರ್ಲೀನ್ ಕೂಗಿದಳು.

ಅದೇ ಕ್ಷಣಕ್ಕೆ ಲಟ್ರೀಸ್, "ಅಮ್ಮ ಅಲ್ವಾ ಆಂಟಿ?" ಅಂದಳು. ಆಮೇಲೆ ತಡವರಿಸಿ, "ನೀವು ಯಾವಾಗ್ಲೂ ಹೇಳ್ತಿದ್ರಲ್ಲ, ಅಮ್ಮನ ಹತ್ರ ಕಿತ್ತಳೆ ಸೂಟಿತ್ತು ಅಂತ. ನಾನು ಬೆಳಿಗ್ಗೆಯಿಂದ ನೂರು ಸಲ ನೋಡಿದೀನಿ."

ಅವಳ ಕಣ್ಣು ಆಗಲೇ ಊದಿಕೊಂಡಿತ್ತು. ವರ್ಲೀನ್ ಫೋನನ್ನು ತನ್ನತ್ತ ಎಳೆದುಕೊಂಡು ಮತ್ತೊಮ್ಮೆ ನೋಡಿದಳು.

"ಸೂಟು ಅವಳದೇ," ಅಂದಳು ಕೊನೆಗೆ. "ಒಳಗಿರೋಳು ಯಾರು ಅನ್ನೋದು... ನೋಡೋಣ ತಡಿ ಮಗಾ."

ತೊಡಕಿದ್ದದ್ದೇ ಅಲ್ಲಿ. ಸ್ಟುಡಿಯೋದವರು ಒಂದೇ ಶನಿವಾರ ನಾಲ್ಕು ವಾರದ ಕಂತುಗಳ ಚಿತ್ರ ತೆಗೆದುಬಿಡುತ್ತಿದ್ದರು. ನೋಡುವವರಿಗೆ ಅದು ತಿಳಿಯಬಾರದು, ಹಾಗಾಗಿ ಕಂತಿಗೊಂದು ಬಟ್ಟೆ. ನಾಲ್ಕು ಜೊತೆ ಒಳ್ಳೆಯ ಬಟ್ಟೆ ನಮ್ಮ ಕಡೆಯ ಯಾವ ಹುಡುಗಿಯ ಹತ್ತಿರವಿತ್ತು? ಕಂತು ಮುಗಿದ ಕೂಡಲೇ ಎಲ್ಲರೂ ಟಾಯ್ಲೆಟ್ಟಿಗೆ ಓಡಿ ಮೈಮೇಲಿದ್ದದ್ದನ್ನು ಅದಲು ಬದಲು ಮಾಡಿಕೊಂಡು ಬರುತ್ತಿದ್ದರು. ಅಕ್ಕನದು ತಂಗಿಗೆ, ತಂಗಿಯದು ಅಕ್ಕನಿಗೆ.

"ಸರಿ, ಬಟ್ಟೆ ಬಿಡು. ಕೂದಲು?" ಅಂದೆ ನಾನು ಮರುದಿನ.

"ಅದು ವಿಗ್ಗು ಕಣೋ. ಅದೂ ತಲೆಯಿಂದ ತಲೆಗೆ ಹೋಗ್ತಿತ್ತು."

"ಹೆಜ್ಜೆ?"

"ಇಬ್ಬರಿಗೂ ಕಲಿಸಿದ್ದು ನಮ್ಮ ಸೋದರಮಾವನೇ."

"ಹಾಗಾದ್ರೆ ಎದ್ದು ಕುಣಿ. ಮೈ ನೆನಪಿಟ್ಟುಕೊಂಡಿರುತ್ತೆ."

ಎದ್ದಳು, ಪುಣ್ಯಾತ್ಗಿತ್ತಿ. ಸ್ಟೌವಿಗೂ ಸಿಂಕಿಗೂ ನಡುವೆ ನಾಲ್ಕು ಹೆಜ್ಜೆ ಹಾಕಿದಳು. ತಿರುಗುವಾಗ ಮಂಡಿ ಕೈಕೊಟ್ಟು ಫ್ರಿಜ್ಜನ್ನು ತಬ್ಬಿಕೊಂಡಳು. "ನೆಲದ ಲಿನೋಲಿಯಂ ಸರಿ ಇಲ್ಲ," ಅಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದೆ. ಕೈಗೆ ಸಿಕ್ಕ ಒರೆಸುವ ಬಟ್ಟೆ ನನ್ನ ಮುಖಕ್ಕೆ ಬಿತ್ತು.

ಆದರೆ ನಗು ಬೇಗ ನಿಂತಿತು. ಅವಳು ಕುರ್ಚಿಯ ಮೇಲೆ ಕುಸಿದಳು. ಒಂದು ದಿನ ನಾನೇ ಅನ್ನುವಳು, ಇನ್ನೊಂದು ದಿನ ಆ ಭುಜ ಒಪಲ್‌ದೇ ಅನ್ನುವಳು, ಮೂರನೇ ದಿನ ತಾನು ಅಲ್ಲಿಗೆ ಹೋಗಿದ್ದೇ ಸುಳ್ಳೇನೋ ಎಂದು ಅನುಮಾನ ಪಡುವಳು. ಆಂಟಿಗೆ ಗೊತ್ತಿರಬಹುದು ಎಂದು ಲಟ್ರೀಸ್ ತಿಳಿಸಿದ್ದರಿಂದ ಗ್ರಂಥಾಲಯದ ಹುಡುಗಿ ಎರಡು ಸಲ ಫೋನು ಮಾಡಿದಳು: ಚಿತ್ರದ ಕೆಳಗಿನ ಫಲಕಕ್ಕೆ ಗುರುವಾರದೊಳಗೆ ಹೆಸರು ಬೇಕು. 'ನಾನು' ಅಂದರೆ ಲಟ್ರೀಸ್ ಕೈಯಿಂದ ತಾಯಿಯನ್ನು ಕಿತ್ತುಕೊಂಡಂತೆ. 'ಅವಳು' ಅಂದರೆ ತಾನು ಕುಣಿದದ್ದಕ್ಕೆ ಇರುವ ಒಂದೇ ಸಾಕ್ಷಿಯನ್ನು ತಾನೇ ಅಳಿಸಿದಂತೆ. ನನ್ನ ತಲೆಯೂ ಕೆಟ್ಟು ಹೋಗಿತ್ತು. ಆ ತುಣುಕನ್ನು ನೋಡಿ ನೋಡಿ ನನಗೆ ಒಮ್ಮೆ ಅದು ನಮ್ಮತ್ತೆಯ ಹಾಗೂ ಕಂಡಿತು.

ಗುರುವಾರ ಬೆಳಿಗ್ಗೆ ವರ್ಲೀನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ಒಪಲ್ ರಕರ್ ಅಂತ ಬರೀರಿ ಅಂದೆ," ಅಂದಳು.

"ನೆನಪಾಯ್ತಾ?"

"ಇಲ್ಲ."

"ಮತ್ತೆ ಅದು ನೀನೇ ಆಗಿದ್ರೆ?"

"ಆಗಿದ್ರೆ ಆಗಿರ್ಲಿ ಬಿಡೋ!" ಅಂತ ರೇಗಿದಳು. "ನಾನು ಅರವತ್ತೊಂಬತ್ತು ವರ್ಷದಿಂದ ಅಲ್ಲಾಡ್ತಾ ಇದೀನಿ, ಆ ಮಗು ನೋಡಿದೆ. ಅವಳಮ್ಮನಿಗೆ ಇರೋದು ಹನ್ನೊಂದು ಸೆಕೆಂಡು." ಆಮೇಲೆ ನನ್ನ ಸೋಫಾದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗಾಗಿ ಅತ್ತಳೋ, ಕಿತ್ತಳೆ ಸೂಟಿಗಾಗಿ ಅತ್ತಳೋ, ಅವಳಿಗೂ ಗೊತ್ತಿರಲಿಲ್ಲ. ನಾನು ಕಾಫಿ ಮಾಡಿಕೊಟ್ಟೆ.

ಪ್ರದರ್ಶನ ಶುರುವಾದ ಶನಿವಾರ ಮೂವರೂ ಹೋದೆವು. ಊರಂಚಿನ ಸರೋವರದ ಗಾಳಿ ಕಿವಿ ಕೊಯ್ಯುತ್ತಿತ್ತು. ವರ್ಲೀನ್ ಚರ್ಚಿನ ಟೋಪಿ ಹಾಕಿದ್ದಳು. ಲಟ್ರೀಸ್ ಇಬ್ಬರು ಗೆಳತಿಯರನ್ನೂ ಕರೆತಂದಿದ್ದಳು, ಅಮ್ಮನನ್ನು ತೋರಿಸಲು. ಒಳಗೆ ಗೋಡೆಯಷ್ಟು ದೊಡ್ಡ ಪರದೆ, ಕೆಳಗೆ ಹಿತ್ತಾಳೆ ಬಣ್ಣದ ಫಲಕ: ಒಪಲ್ ರಕರ್, ೧೯೭೧.

ಪರದೆಯ ಮೇಲೆ ಅದೇ ಹುಡುಗಿ ಕುಣಿಯುತ್ತ ಬಂದಳು. ಆದರೆ ಇಲ್ಲಿ ಚಿತ್ರ ಕತ್ತರಿಸಿರಲಿಲ್ಲ. ಕುಣಿಯುವವಳ ಎರಡೂ ಕಡೆ ಸಾಲಾಗಿ ನಿಂತು ಚಪ್ಪಾಳೆ ತಟ್ಟುವ ಹುಡುಗ ಹುಡುಗಿಯರೆಲ್ಲ ಕಾಣುತ್ತಿದ್ದರು. ಆ ಸಾಲಿನ ನಡುವೆ ಕುಣಿದು ಹೋಗುವುದೇ ಆ ಕಾರ್ಯಕ್ರಮದ ಹೆಸರುವಾಸಿ ಭಾಗ.

ವರ್ಲೀನ್ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು.

"ಲೋನಿ. ಎಡಗಡೆ. ಹಸಿರು ಸ್ವೆಟರು."

ಎಡಗಡೆ, ಸಾಲಿನ ತುದಿಯಲ್ಲಿ, ಮೋಟು ಕೂದಲಿನ ಇಬ್ಬರು ಹುಡುಗಿಯರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಹಸಿರು ಸ್ವೆಟರಿನವಳು ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದಳು. ಅವಳ ಮೂಗು, ಅವಳ ಅಗಲ ಹಣೆ, ನನ್ನ ಮುಂದೆ ನಿಂತಿದ್ದ ಲಟ್ರೀಸ್‌ದೇ. ಪಕ್ಕದವಳು ವರ್ಲೀನಳೇ. ಚಿತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಲಟ್ರೀಸ್ ಕುಣಿಯುವವಳನ್ನೇ ನೋಡುತ್ತಿದ್ದಳು.

ವರ್ಲೀನ್ ಸುಮ್ಮನಿರಬಹುದಿತ್ತು. ಫಲಕ ಗೋಡೆಗೆ ಏರಿತ್ತು, ಲಟ್ರೀಸ್ ಗೆಳತಿಯರ ಮುಂದೆ ಹೆಮ್ಮೆಯಿಂದ ನಿಂತಿದ್ದಳು. ಆದರೂ ವರ್ಲೀನ್ ಹೋಗಿ ಅವಳ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದಳು, ಮೂರು ವರ್ಷದ ಕೂಸಿಗೆ ಮಾಡುವಂತೆ.

"ಅಲ್ಲಿ ನೋಡು ಮಗಾ. ನಡುವೆ ಅಲ್ಲ. ಆ ತುದೀಲಿ."

ಲಟ್ರೀಸ್ ನೋಡಿದಳು. ಚಿತ್ರ ಮೂರು ಸಲ ಬಂದು ಹೋಯಿತು.

"ಹಾಗಾದ್ರೆ ಕುಣೀತಿರೋಳು ಯಾರು?" ಅಂತ ಗೆಳತಿಯೊಬ್ಬಳು ಕೇಳಿದಳು.

"ಯಾರಿಗ್ಗೊತ್ತಮ್ಮಾ," ಅಂದೆ ನಾನು. "ಬಟ್ಟೆ ಎರವಲು ತಗೊಂಡೋರು ಯಾರೋ."

ಲಟ್ರೀಸ್ ಪರದೆಯ ಹತ್ತಿರ, ಬೆಳಕು ಮುಖಕ್ಕೆ ಬೀಳುವಷ್ಟು ಹತ್ತಿರ ಹೋದಳು. ಅವಳ ತಾಯಿ ಚಪ್ಪಾಳೆ ತಟ್ಟುತ್ತಿದ್ದಳು, ಬಗ್ಗುತ್ತಿದ್ದಳು, ತುಟಿ ಅಲುಗಿಸುತ್ತಿದ್ದಳು. ಹಾಡಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ.

"ಏನು ಹೇಳ್ತಿದಾಳೆ ಆಂಟಿ? ನಿಮ್ಮ ಕಿವೀಲಿ ಏನೋ ಹೇಳ್ತಿದಾಳೆ. ಏನು?"

ವರ್ಲೀನ್ ಕಣ್ಣು ಮುಚ್ಚಿದಳು. ಹುಡುಕಿದಳು. ಎಪ್ಪತ್ತೊಂಬತ್ತನೇ ಬೀದಿಯ ಎಲ್ಲ ಮನೆಗಳ ನಂಬರು ಇದ್ದ ಆ ತಲೆಯಲ್ಲಿ ಅದೊಂದು ಇರಲಿಲ್ಲ.

"ಗೊತ್ತಿಲ್ಲ ಕಂದಾ," ಅಂದಳು. "ಆದ್ರೆ ನೋಡು, ನಾನು ಹೇಗೆ ನಗ್ತಾ ಇದೀನಿ."