ಅವ್ವನ ಗುಂಡಗಡಗಿ

ಆ ವಿಮಾನ ನಿಲ್ದಾಣದ ಹೆಸರು ಬರೆಯುವುದಿಲ್ಲ. ಬರೆದರೆ ಬೈಗುಳವೂ ಬೆನ್ನಿಗೇ ಬರುತ್ತದೆ. ತಂಗಿಯ ಮಗಳ ಮದುವೆ ಮುಗಿಸಿ ಅವ್ವನೂ ನಾನೂ ಹುಬ್ಬಳ್ಳಿಗೆ ಹೊರಟಿದ್ದೆವು. ಅವ್ವನ ಮೊಳಕಾಲು ನೋವಿಗೆ ರೈಲು ಬೇಡವೆಂದು ಹಟ ಹಿಡಿದವಳು ನಾನೇ.

ತಪಾಸಣೆಯ ಚೌಕಟ್ಟಿನಡಿ ಅವ್ವ ಕಾಲಿಟ್ಟ ಕೂಡಲೇ ಅದು ಕಿರುಚಿತು. ಸಿಬ್ಬಂದಿಯ ಹೆಂಗಸು ಸೆರಗು ಸರಿಸಿ ನೋಡಿದಳು. ಎದೆಯ ಮೇಲೆ ಬೆಳ್ಳಿಯ ಗುಂಡಗಡಗಿ, ಅದರೊಳಗೆ ಇಷ್ಟಲಿಂಗ. ಇದನ್ನು ತೆಗೆದು ಇದರಲ್ಲಿ ಹಾಕಿ ಎಂದು ಹಿಂದಿಯಲ್ಲಿ ಹೇಳಿ ಟ್ರೇ ಮುಂದೆ ನೂಕಿದಳು. ಅದರಲ್ಲಿ ಯಾರದೋ ಬೂಟಿನ ಧೂಳಿತ್ತು.

ಲಿಂಗ ಕಟ್ಟಿಸಿಕೊಂಡವರು ಅದನ್ನು ಮೈಯಿಂದ ಅಗಲಿಸುವುದಿಲ್ಲ. ನನ್ನನ್ನು ಹೆರುವಾಗಲೂ ಅದು ಅವ್ವನ ಕೊರಳಲ್ಲೇ ಇತ್ತು.

"ಮಣ್ಣಿಗೆ ಹೋಗುವಾಗನೂ ಇದು ನನ್ನ ಕೈಯಾಗ ಇರ್ತೈತಿ. ಆಕಿಗೆ ತಿಳಿಸಿ ಹೇಳವಾ," ಅಂದಳು ಅವ್ವ.

ನಾನು ಹೇಳಲಿಲ್ಲ. ಹಿಂದಿನ ಸಾಲು ಗೊಣಗುತ್ತಿತ್ತು, ವಿಮಾನ ತಪ್ಪುವ ಭಯ ಬೇರೆ. "ಒಂದ ನಿಮಿಷ ಅವ್ವಾ, ಲಗೂ ತಗದ ಕೊಡು," ಅಂದೆ. ನನ್ನ ಬಾಯಲ್ಲಿ ಹುಳ ಬೀಳಲಿ.

ಯಂತ್ರದ ಮುಂದೆ ಕುಳಿತಿದ್ದವನು ಪರದೆಯ ಮೇಲೆ ಕಪ್ಪು ಗುಂಡು ಕಂಡದ್ದೇ ಇಬ್ಬರನ್ನು ಕರೆದ. ಮೂವರೂ ಗುಂಡಗಡಗಿಯನ್ನು ತಿರುಗಿಸಿದರು, ಕುಲುಕಿದರು. ಅಷ್ಟರಲ್ಲಿ ನಮ್ಮ ಚೀಲಗಳು ತಮ್ಮಷ್ಟಕ್ಕೆ ದಾಟಿ ಬಂದವು. ಅವ್ವ ಬರಿಗೊರಳಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

ಮಾಳಮಡ್ಡಿಯ ಮನೆಗೆ ಬಂದವಳು ನೀರೂ ಮುಟ್ಟಲಿಲ್ಲ. ಮರುದಿನ ಮಠದ ಅಯ್ಯನವರು ಬಂದು ಮತ್ತೆ ಲಿಂಗ ಕಟ್ಟುವ ತನಕ ಉಪವಾಸ.

"ಮೈಮ್ಯಾಗ ಇದ್ದಂಗನ, ಬ್ಯಾರೆ ಖೋಲ್ಯಾಗ ತಪಾಸ ಮಾಡ್ರಿ ಅಂತ ಕೇಳಬೇಕಿತ್ತಲ್ಲರಿ," ಅಂದರು ಅಯ್ಯನವರು ನನಗೆ. "ನಾವು ಹಂಗ ಕೇಳತೇವಿ. ಒಮ್ಮೊಮ್ಮೆ ಒಪ್ಪತಾರ."

ಒಮ್ಮೊಮ್ಮೆ. ಅಂದರೆ ನಿಯಮವೂ ಎದುರಿಗೆ ನಿಂತವರ ಮರ್ಜಿ ನೋಡಿಕೊಂಡು ಬದಲಾಗುತ್ತದೆ. ತಪಾಸಣೆಯೇ ಬೇಡ ಅನ್ನುವವಳಲ್ಲ ನಾನು. ಆದರೆ ಏನನ್ನು ಹುಡುಕುತ್ತಿದ್ದೇವೆಂದು ಹುಡುಕುವವರಿಗಾದರೂ ಗೊತ್ತಿರಬೇಡವೇ?

ಊಟವಾದ ಮೇಲೆ ಅವ್ವ ವಿಮಾನದಲ್ಲಿ ತಂದಿದ್ದ ಕೈಚೀಲ ಬಿಚ್ಚಿ ಎಲೆ ಅಡಿಕೆಯ ಸಂಚಿ ತೆಗೆದಳು. ಸಂಚಿಯೊಳಗಿಂದ ಬಂತು ಗೇಣುದ್ದದ ಕಬ್ಬಿಣದ ಅಡಕೊತ್ತು. ರೂಢಿಯಂತೆ ಅದನ್ನೂ ಸಂಚಿಯಲ್ಲೇ ಕಟ್ಟಿಕೊಂಡಿದ್ದಳು.

"ಇದನ್ನ ಯಾರೂ ಕೇಳಲಿಲ್ಲ ನೋಡು," ಅಂದಳು, ನನ್ನ ಮುಖ ನೋಡದೆ.

ಅಡಿಕೆ ಕತ್ತರಿಸಿದಳು. ದಿನಾ ನನಗೂ ಒಂದು ಹೋಳು ಕೊಡುವವಳು, ಅಂದು ಕೊಡಲಿಲ್ಲ.